ಇಪ್ಪತ್ತು ಸೆಕೆಂಡಿನ ಒಡೆತನ

1969ರ ನವೆಂಬರ್ 20ರಂದು ಅಮೆರಿಕದ ಸಿನ್ಸಿನಾಟಿ ನಗರದ ಸ್ಟುಡಿಯೋ ಒಂದರಲ್ಲಿ ಜೇಮ್ಸ್ ಬ್ರೌನ್ ಮತ್ತು ಅವನ ತಂಡ ಒಂದು ಹಾಡನ್ನು ಧ್ವನಿಮುದ್ರಿಸಿದರು. ಹಾಡು ಎನ್ನುವುದಕ್ಕಿಂತ ಒಂದೇ ಲಯದ ಸುತ್ತ ಗಿರಕಿ ಹೊಡೆಯುವ ದೀರ್ಘ ವಾದನ ಎನ್ನುವುದೇ ಸರಿ. ನಡುನಡುವೆ ಬ್ರೌನ್ ಮಾತಾಡುತ್ತಾನೆ, ಹೂಂಗುಟ್ಟುತ್ತಾನೆ, ಚೀರುತ್ತಾನೆ. ಕೊನೆಯ ಭಾಗಕ್ಕೆ ಬಂದಾಗ ಉಳಿದವರನ್ನೆಲ್ಲ ನಿಲ್ಲಿಸಿ ಡ್ರಮ್ ವಾದಕನೊಬ್ಬನಿಗೇ ಜಾಗ ಬಿಟ್ಟುಕೊಡುತ್ತಾನೆ. ಚಮತ್ಕಾರವೇನೂ ಬೇಡ, ಹಿಡಿದದ್ದನ್ನೇ ಹಿಡಿದುಕೊಂಡು ಹೋಗು ಎಂಬರ್ಥದ ಸೂಚನೆಯನ್ನೂ ಕೊಡುತ್ತಾನೆ. ಮುಂದಿನ ಸುಮಾರು ಇಪ್ಪತ್ತು ಸೆಕೆಂಡು ಡ್ರಮ್ಮು, ಅದರ ಮೇಲೆ ಬ್ರೌನ್‌ನ ಒಂದೆರಡು ಉದ್ಗಾರ, ಅಷ್ಟೆ. ಕೇಳಿ ಖುಷಿಯಾಗಿ, ಟೇಪು ಓಡುತ್ತಿರುವಾಗಲೇ ಹಾಡಿಗೆ ಹೆಸರನ್ನೂ ಇಟ್ಟುಬಿಡುತ್ತಾನೆ: 'ಫಂಕಿ ಡ್ರಮರ್'.

ಹೆಸರಿನಲ್ಲಿರುವ ಆ ಡ್ರಮರ್, ಕ್ಲೈಡ್ ಸ್ಟಬಲ್‌ಫೀಲ್ಡ್, ಆಗ ಇಪ್ಪತ್ತಾರರ ಹುಡುಗ. ಅವನು ನುಡಿಸಿದ ಆ ತುಣುಕು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳ ಒಳಗೆ ಹೋಗಿ ಕೂತಿತು. ಹಾಡಿನ ರಚನಕಾರರ ಜಾಗದಲ್ಲಿ ಇದ್ದದ್ದು ಮಾತ್ರ ಒಂದೇ ಹೆಸರು: ಜೇಮ್ಸ್ ಬ್ರೌನ್.

ನಾನು ಸಂಗೀತದ ವಿದ್ಯಾರ್ಥಿಯಲ್ಲ. ನನ್ನ ಪಿಎಚ್‌ಡಿ ದುಡಿಮೆಯ ಚರಿತ್ರೆಗೆ ಸಂಬಂಧಿಸಿದ್ದು. ಹಾಜರಿ, ಕೂಲಿ, ದಂಡ, ಮುಷ್ಕರ ಇವೇ ನನ್ನ ದಿನನಿತ್ಯದ ಶಬ್ದಗಳು. ಬ್ರೌನ್‌ನ ತಂಡದಲ್ಲಿದ್ದವರ ನೆನಪುಗಳನ್ನು ಓದತೊಡಗಿದಾಗ ಇದೇ ಶಬ್ದಗಳು ಪುಟಪುಟಕ್ಕೂ ಎದುರಾದವು. 'ಸೋಲ್ ಸಂಗೀತದ ಪಿತಾಮಹ' ಎಂಬ ಬಿರುದಿಗಿಂತ ಅವನೇ ಮೆಚ್ಚಿ ಮೆರೆಸಿದ ಇನ್ನೊಂದು ಬಿರುದು ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ: ಮನರಂಜನೆಯ ಲೋಕದಲ್ಲೇ ಅತಿ ಹೆಚ್ಚು ದುಡಿಯುವ ಮನುಷ್ಯ. ಫಂಕ್ ಎಂಬ ಸಂಗೀತ ಹುಟ್ಟಿದ್ದು ಒಬ್ಬನ ಪ್ರತಿಭೆಯಿಂದ ಎಂದು ಅಭಿಮಾನಿಗಳು ಹೇಳುತ್ತಾರೆ. ಒಬ್ಬನ ದಬ್ಬಾಳಿಕೆಯ ಕೆಳಗೆ ಎಂದು ಟೀಕಾಕಾರರು. ನನ್ನ ಮಟ್ಟಿಗೆ ಅದು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಯಜಮಾನನೂ ಅಲ್ಲಿ ಬೆವರು ಸುರಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

ಬ್ರೌನ್ ಹುಟ್ಟಿದ್ದು 1933ರ ಮೇ 3ರಂದು, ದಕ್ಷಿಣ ಕ್ಯಾರೊಲೈನಾದ ಬಾರ್ನ್‌ವೆಲ್ ಬಳಿಯ ಒಂದು ಗುಡಿಸಿಲಿನಲ್ಲಿ. ಬೆಳೆದದ್ದು ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ, ಅತ್ತೆಯೊಬ್ಬಳು ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ. ಮೈಮೇಲೆ ಸರಿಯಾದ ಬಟ್ಟೆಯಿಲ್ಲವೆಂದು ಶಾಲೆಯಿಂದ ಮನೆಗೆ ಅಟ್ಟಿಸಿಕೊಂಡ ಹುಡುಗ. ಬೀದಿಯಲ್ಲಿ ಬೂಟು ಪಾಲಿಶ್ ಮಾಡಿದ, ಸೈನಿಕರ ಮುಂದೆ ಕುಣಿದು ಚಿಲ್ಲರೆ ಆಯ್ದುಕೊಂಡ. ಹದಿನಾರಕ್ಕೆ ಕಳವಿನ ಪ್ರಕರಣದಲ್ಲಿ ಜೈಲು. ಅಲ್ಲಿದ್ದಾಗ ಬಾಬಿ ಬರ್ಡ್ ಎಂಬ ಗಾಯಕನ ಪರಿಚಯವಾಗಿ, ಆ ಕುಟುಂಬದ ಆಸರೆಯಿಂದ 1952ರಲ್ಲಿ ಪೆರೋಲ್ ಮೇಲೆ ಹೊರಬಂದ. 1956ರಲ್ಲಿ 'ಪ್ಲೀಸ್, ಪ್ಲೀಸ್, ಪ್ಲೀಸ್' ಬಂತು. ಅದನ್ನು ಹೊರತಂದದ್ದು ಸಿನ್ಸಿನಾಟಿಯ ಕಿಂಗ್ ರೆಕಾರ್ಡ್ಸ್ ಕಂಪನಿಯ ಒಂದು ಶಾಖೆ.

ಈ ಕಿಂಗ್ ರೆಕಾರ್ಡ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿಡ್ ನೇಥನ್ ಎಂಬಾತ ಕಟ್ಟಿದ ಈ ಸಂಸ್ಥೆಯಲ್ಲಿ ಹಾಡಿನ ಧ್ವನಿಮುದ್ರಣ, ತಟ್ಟೆಗಳ ಅಚ್ಚು, ಹೊದಿಕೆಯ ಮುದ್ರಣ, ಸಾಗಣೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಆವರಣದಲ್ಲಿ ನಡೆಯುತ್ತಿತ್ತು. ಹಾಡು ಒಳಗೆ ಹೋಗಿ ಸರಕಾಗಿ ಹೊರಗೆ ಬರುತ್ತಿತ್ತು. ನೇಥನ್‌ಗೆ ಬ್ರೌನ್‌ನ ಮೊದಲ ಹಾಡು ಸ್ವಲ್ಪವೂ ಹಿಡಿಸಿರಲಿಲ್ಲ. ಮುಂದೆ ನ್ಯೂಯಾರ್ಕಿನ ಅಪೊಲೊ ಥಿಯೇಟರಿನ ತನ್ನ ಕಾರ್ಯಕ್ರಮವನ್ನು ಹಾಗೆ ಹಾಗೇ ಮುದ್ರಿಸೋಣ ಎಂದು ಬ್ರೌನ್ ಕೇಳಿದಾಗಲೂ ಆತ ಒಪ್ಪಲಿಲ್ಲ. ಈಗಾಗಲೇ ಜನ ಕೊಂಡ ಹಾಡುಗಳನ್ನೇ ಮತ್ತೆ ಯಾರು ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಬ್ರೌನ್ ತನ್ನ ಕೈಯಿಂದಲೇ 5,700 ಡಾಲರ್ ಹಾಕಿ 1962ರ ಅಕ್ಟೋಬರ್ 24ರಂದು ಮುದ್ರಿಸಿಕೊಂಡ. ಮರುವರ್ಷ ಬಂದ ಆ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿ, 66 ವಾರ ಪಟ್ಟಿಯಲ್ಲೇ ಉಳಿಯಿತು. ತನ್ನ ದುಡಿಮೆಯ ಬೆಲೆ ಮಾಲೀಕನಿಗಿಂತ ತನಗೇ ಚೆನ್ನಾಗಿ ಗೊತ್ತು ಎಂಬುದು ಬ್ರೌನ್‌ಗೆ ಅಂದು ಖಾತ್ರಿಯಾಯಿತು. ಇದೇ ಮಾತು ತನ್ನ ತಂಡದವರಿಗೂ ಅನ್ವಯಿಸಬಹುದು ಎಂದು ಅವನಿಗೆ ಅನ್ನಿಸಿದಂತೆ ಕಾಣುವುದಿಲ್ಲ.

ಸಂಗೀತದಲ್ಲಿ ನಿಜವಾದ ತಿರುವು ಬಂದದ್ದು 1965ರಲ್ಲಿ. ಆ ಫೆಬ್ರವರಿಯಲ್ಲಿ, ಉತ್ತರ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಮುದ್ರಿಸಿದ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್' ಹೊಸತೊಂದನ್ನು ತಂದಿತು. ಅದುವರೆಗಿನ ರಿದಮ್ ಅಂಡ್ ಬ್ಲೂಸ್‌ನಲ್ಲಿ ನಾಲ್ಕು ಎಣಿಕೆಯ ತಾಳದಲ್ಲಿ ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು. ಚರ್ಚಿನಲ್ಲಿ ಚಪ್ಪಾಳೆ ತಟ್ಟುವುದೂ ಹಾಗೆಯೇ. ಬ್ರೌನ್ ಒತ್ತನ್ನು ಮೊದಲ ಪೆಟ್ಟಿಗೆ ತಂದ. ತಂಡದವರು ಇದನ್ನು 'ದಿ ಒನ್' ಎಂದು ಕರೆದರು. ಧಾರವಾಡದ ಕಡೆ ಹಿಂದೂಸ್ತಾನಿ ಕಛೇರಿ ಕೇಳಿದವರಿಗೆ 'ಸಮ್' ಗೊತ್ತು. ಗಾಯಕ, ತಬಲಾ ಇಬ್ಬರೂ ಎಲ್ಲೆಲ್ಲೋ ಅಲೆದು ಬಂದು ಅಲ್ಲಿ ಕೂಡುವಾಗ ಸಭೆಯೇ ತಲೆದೂಗುತ್ತದೆ. ಫಂಕ್‌ನಲ್ಲಿ ಅಷ್ಟು ಹೊತ್ತು ಕಾಯುವ ಮಾತಿಲ್ಲ. ಎರಡೆರಡು ಸೆಕೆಂಡಿಗೊಮ್ಮೆ ಸಮ್ ಬರುತ್ತದೆ, ಎಲ್ಲರೂ ಅಲ್ಲಿ ಬಂದು ಬೀಳಲೇಬೇಕು. ನಡುವಿನ ಜಾಗದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೂರು ಕೆಲಸ: ಗಿಟಾರಿಗೆ ಎರಡು ಗೀರು, ಸ್ಯಾಕ್ಸೋಫೋನುಗಳಿಗೆ ಒಂದು ಕೂಗು, ಬೇಸಿಗೆ ಮೂರು ಸ್ವರ. ತನ್ನ ಚೂರನ್ನು ಅದರದ್ದೇ ಜಾಗದಲ್ಲಿ ಇಟ್ಟು ಸುಮ್ಮನಿರಬೇಕು. ಎಲ್ಲ ವಾದ್ಯಗಳೂ ಡ್ರಮ್ಮಿನಂತೆ ವರ್ತಿಸತೊಡಗಿದವು.

ಚೂರುಗಳನ್ನು ಕೂಡಿಸುತ್ತಿದ್ದವರು ಯಾರು? 1967ರ 'ಕೋಲ್ಡ್ ಸ್ವೆಟ್' ಒಳ್ಳೆಯ ಉದಾಹರಣೆ. ಬ್ರೌನ್ ಸ್ವರಲಿಪಿ ಬರೆಯುತ್ತಿರಲಿಲ್ಲ. ಬೇಸ್ ಗಿಟಾರಿನ ನಡೆಯನ್ನು ಬಾಯಲ್ಲೇ ಗುನುಗಿ, ಹೂಂಕರಿಸಿ ತಂಡದ ಸ್ಯಾಕ್ಸೋಫೋನ್ ವಾದಕ ಪೀ ವೀ ಎಲ್ಲಿಸ್‌ಗೆ ಹೇಳಿದ. ಎಲ್ಲಿಸ್ ಅದನ್ನು ಸ್ವರಕ್ಕಿಳಿಸಿದ. ಊದುವ ವಾದ್ಯಗಳ ಭಾಗವನ್ನು ಮಾಡುವಾಗ ಮೈಲ್ಸ್ ಡೇವಿಸ್‌ನ 'ಸೋ ವಾಟ್' ಅವನ ಕಿವಿಯಲ್ಲಿತ್ತು. ಡ್ರಮ್ಮಿಗೆ ಮಾತ್ರ ಯಾರೂ ಏನನ್ನೂ ಬರೆದುಕೊಡಲಿಲ್ಲ. ಆ ಭಾಗವನ್ನು ಸ್ಟಬಲ್‌ಫೀಲ್ಡ್ ತಾನೇ ಕಟ್ಟಿದ. ಸ್ನೇರ್ ಡ್ರಮ್ಮಿನ ಮೇಲೆ ಗಟ್ಟಿ ಪೆಟ್ಟುಗಳ ನಡುವೆ, ಕೇಳಿಸಿಯೂ ಕೇಳಿಸದಂಥ ಮೆಲ್ಲನೆಯ ಪೆಟ್ಟುಗಳನ್ನು ಅವನು ತುಂಬುತ್ತಿದ್ದ. ತೆಗೆದರೆ ಏನು ಹೋಯಿತೆಂದು ಹೇಳಲಾಗದು. ಆದರೆ ಹಾಡು ಕುಣಿಯುವುದನ್ನು ನಿಲ್ಲಿಸುತ್ತದೆ. ಟೆನೆಸಿಯ ಚಟನೂಗದಲ್ಲಿ ಬೆಳೆದ ಆತ ಡ್ರಮ್ ಕಲಿತದ್ದು ಶಾಲೆಯಲ್ಲಲ್ಲ. ಊರಿನ ಕಾರ್ಖಾನೆ ಉಸಿರು ಬಿಡುವ ಸದ್ದು, ಅದು ಬೆಟ್ಟಕ್ಕೆ ಬಡಿದು ಮರಳುವ ಪ್ರತಿಧ್ವನಿ, ರೈಲು ಹಳಿಯ ಟಕಟಕ, ಇವುಗಳ ಜೊತೆಗೇ ತಾನು ಲಯ ಹಾಕುತ್ತಿದ್ದೆ ಎಂದು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

'ಕೋಲ್ಡ್ ಸ್ವೆಟ್'ನ ರಚನಕಾರರ ಹೆಸರು ನೋಡಿ: ಬ್ರೌನ್ ಮತ್ತು ಎಲ್ಲಿಸ್. ಅಂದರೆ ಬ್ರೌನ್ ಯಾರ ಹೆಸರನ್ನೂ ಹಾಕುತ್ತಿರಲಿಲ್ಲ ಎಂದಲ್ಲ. ಸ್ವರದ ಕೆಲಸ ಮಾಡಿದವನಿಗೆ ಪಾಲು ಸಿಕ್ಕಿತು, ಲಯದ ಕೆಲಸ ಮಾಡಿದವನಿಗೆ ಸಿಗಲಿಲ್ಲ. ಇದು ಒಬ್ಬ ಯಜಮಾನನ ಜಿಪುಣತನವಷ್ಟೇ ಅಲ್ಲ. ಸಾಹಿತ್ಯ ಮತ್ತು ಮಟ್ಟು, ಇವೆರಡೇ ಹಾಡು ಎಂಬ ತಿಳಿವಳಿಕೆಯ ಮೇಲೆ ಇಡೀ ಉದ್ಯಮ ನಿಂತಿತ್ತು. ಲಯವೆಂದರೆ ಹಾಡಿನ ಕೆಳಗೆ ಹಾಸಿದ ಚಾಪೆ. ಅಂಥ ಕಾಲದಲ್ಲಿ, ಮಟ್ಟನ್ನು ಹೆಚ್ಚುಕಡಿಮೆ ಅಳಿಸಿ ಲಯವನ್ನೇ ಹಾಡಾಗಿಸಿದ್ದು ಬ್ರೌನ್‌ನ ಸಾಧನೆ. ಕಾಗದಪತ್ರದಲ್ಲಿ ಮಾತ್ರ ಹಳೆಯ ಲೆಕ್ಕವೇ ಮುಂದುವರಿಯಿತು, ಅದು ಅವನಿಗೆ ಅನುಕೂಲವೂ ಆಗಿತ್ತು.

ಇನ್ನು ದಂಡದ ಮಾತು. ತಡವಾಗಿ ಬಂದರೆ ದಂಡ, ಸ್ವರ ತಪ್ಪಿದರೆ ದಂಡ, ಸೂಟು ಮುದುಡಿದ್ದರೆ, ಬೂಟು ಹೊಳೆಯದಿದ್ದರೆ ದಂಡ. ವೇದಿಕೆಯ ಮೇಲೆ ಕುಣಿಯುತ್ತಲೇ ಬ್ರೌನ್ ಬೆರಳು ಬಿಚ್ಚಿ ತೋರಿಸುತ್ತಿದ್ದ. ಪ್ರೇಕ್ಷಕರಿಗೆ ಅದು ನೃತ್ಯ, ತಪ್ಪು ಮಾಡಿದವನಿಗೆ ಅದು ಸಂಬಳದಲ್ಲಿ ಎಷ್ಟು ಡಾಲರ್ ಹೋಯಿತೆಂಬ ಲೆಕ್ಕ. ಟ್ರೋಂಬೋನ್ ವಾದಕ ಫ್ರೆಡ್ ವೆಸ್ಲಿ, ಸ್ಯಾಕ್ಸೋಫೋನಿನ ಮೇಸಿಯೊ ಪಾರ್ಕರ್ ಮೊದಲಾದವರು ಇದನ್ನೆಲ್ಲ ಹೇಳಿಕೊಂಡಿದ್ದಾರೆ. ಅವರ ಮಾತಿನಲ್ಲಿ ಸಿಟ್ಟೂ ಇದೆ, ವಿಚಿತ್ರವಾದ ಹೆಮ್ಮೆಯೂ ಇದೆ. ಬೂಟಿನ ವಿಷಯದಲ್ಲಿ ನನ್ನ ಗಮನ ಮತ್ತೆ ಮತ್ತೆ ನಿಲ್ಲುತ್ತದೆ. ಬೀದಿಯಲ್ಲಿ ಇನ್ನೊಬ್ಬರ ಬೂಟು ತಿಕ್ಕಿ ಬೆಳೆದವನು ತನ್ನವರ ಬೂಟಿಗೆ ದಂಡ ಹಾಕುತ್ತಾನೆ. ಕಪ್ಪು ಕಲಾವಿದರ ಮೈಮೇಲೆ ಒಂದು ಸುಕ್ಕೂ ಕಾಣಬಾರದು ಎಂಬ ಹಟದ ಹಿಂದೆ, ಬಟ್ಟೆಯಿಲ್ಲವೆಂದು ಶಾಲೆಯಿಂದ ಹೊರಬಿದ್ದ ಹುಡುಗ ನಿಂತಿದ್ದ ಎಂದೇ ನನ್ನ ಊಹೆ. ಅದು ಅರ್ಥವಾಗುತ್ತದೆ. ಆದರೆ ಆ ದಂಡವನ್ನು ತೆತ್ತವರು ಬೇರೆಯವರು.

1968 ಅವನ ಸಾರ್ವಜನಿಕ ಬದುಕಿನ ಶಿಖರ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು, ನಗರಗಳು ಹೊತ್ತಿ ಉರಿದವು. ಮರುದಿನ ಬಾಸ್ಟನ್‌ನಲ್ಲಿ ಬ್ರೌನ್‌ನ ಕಾರ್ಯಕ್ರಮವಿತ್ತು. ರದ್ದು ಮಾಡುವ ಬದಲು ಅದನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡಿ ಜನರನ್ನು ಮನೆಯಲ್ಲೇ ಉಳಿಸಿಕೊಳ್ಳಲು ನಗರಾಡಳಿತ ನಿರ್ಧರಿಸಿತು. ಹುಡುಗರು ವೇದಿಕೆಗೆ ನುಗ್ಗಿ, ಪೊಲೀಸರು ತಳ್ಳಲು ಬಂದಾಗ ಬ್ರೌನ್ ಪೊಲೀಸರನ್ನು ಹಿಂದಕ್ಕೆ ಸರಿಸಿ ತಾನೇ ಹುಡುಗರೊಂದಿಗೆ ಮಾತಾಡಿದ. ಅಂದು ರಾತ್ರಿ ಬಾಸ್ಟನ್ ಶಾಂತವಾಗಿತ್ತು. ಈ ಕಥೆಯಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವ ಭಾಗ ಹಣದ್ದು. ಟಿಕೆಟ್ ನಷ್ಟಕ್ಕೆ ನಗರ 60,000 ಡಾಲರ್ ಕೊಡಬೇಕೆಂದು ಬ್ರೌನ್ ಪಟ್ಟು ಹಿಡಿದಿದ್ದ. ಪೂರ್ತಿ ಬರಲಿಲ್ಲವೆಂದು ಅವನ ಕಡೆಯವರು ಮುಂದೆಯೂ ಹೇಳುತ್ತ ಬಂದರು. ಇದು ಅವನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಊರು ಕಾಯುವುದೂ ಒಂದು ಕೆಲಸ, ಕೆಲಸಕ್ಕೆ ಕೂಲಿ ಇರಬೇಕಲ್ಲ. ಅದೇ ಆಗಸ್ಟಿನಲ್ಲಿ ಮಕ್ಕಳ ಗುಂಪನ್ನು ಜೊತೆಗಿಟ್ಟುಕೊಂಡು 'ಸೇ ಇಟ್ ಲೌಡ್, ಐಯಾಮ್ ಬ್ಲ್ಯಾಕ್ ಅಂಡ್ ಐಯಾಮ್ ಪ್ರೌಡ್' ಹಾಡನ್ನು ಮುದ್ರಿಸಿದ. ಆಗಸ್ಟಾದಲ್ಲಿ ತಾನು ಯಾವ ರೇಡಿಯೋ ಕೇಂದ್ರದ ಮುಂದೆ ಬೂಟು ತಿಕ್ಕಿದ್ದನೋ ಅದನ್ನೇ ಕೊಂಡ. 1972ರಲ್ಲಿ ಹೋಗಿ ನಿಕ್ಸನ್‌ಗೆ ಬೆಂಬಲ ಘೋಷಿಸಿ, ತನ್ನವರಿಂದಲೇ ಬಹಿಷ್ಕಾರವನ್ನೂ ಕಂಡ. ಸ್ವಂತ ಒಡೆತನವೇ ಬಿಡುಗಡೆಯ ದಾರಿ ಎಂಬ ಅವನ ನಂಬಿಕೆ ಈ ಎಲ್ಲದರಲ್ಲೂ ಒಂದೇ.

ಒಡೆತನ ತಮ್ಮದೂ ಇರಲಿ ಎಂದು ತಂಡದವರು ಕೇಳಿದ್ದು 1970ರ ಮಾರ್ಚ್‌ನಲ್ಲಿ, ಜಾರ್ಜಿಯಾದ ಕೊಲಂಬಸ್‌ನಲ್ಲಿ. ಕಾರ್ಯಕ್ರಮಕ್ಕೆ ಮುಂಚೆ ಸಂಬಳದ ಬೇಡಿಕೆ ಇಟ್ಟು, ಒಪ್ಪದಿದ್ದರೆ ನುಡಿಸುವುದಿಲ್ಲ ಎಂದರು. ದುಡಿಮೆಯ ಚರಿತ್ರೆ ಓದಿದವರಿಗೆ ಮುಂದಿನದು ಹೊಸದೇನಲ್ಲ. ಬ್ರೌನ್ ತನ್ನ ಸ್ವಂತ ಜೆಟ್ ವಿಮಾನವನ್ನು ಸಿನ್ಸಿನಾಟಿಗೆ ಕಳಿಸಿ, ಕಿಂಗ್ ಸ್ಟುಡಿಯೋದ ಸುತ್ತಮುತ್ತ ಓಡಾಡಿಕೊಂಡಿದ್ದ ಹುಡುಗರ ತಂಡವೊಂದನ್ನು ತರಿಸಿದ. ಅದರಲ್ಲಿ ಹದಿನೆಂಟರ ಬೂಟ್ಸಿ ಕಾಲಿನ್ಸ್ ಮತ್ತು ಅವನ ಅಣ್ಣ ಕ್ಯಾಟ್‌ಫಿಶ್ ಇದ್ದರು. ಪ್ರೇಕ್ಷಕರು ಕಾಯುತ್ತಿದ್ದರು. ಹಾಡುಗಳೆಲ್ಲ ಹುಡುಗರಿಗೆ ಬಾಯಿಪಾಠ. ಮುಷ್ಕರ ಅಲ್ಲಿಗೆ ಮುರಿಯಿತು. ಮುಂದಿನ ತಿಂಗಳೇ ಇದೇ ಹುಡುಗರೊಂದಿಗೆ 'ಸೆಕ್ಸ್ ಮಷೀನ್' ಮುದ್ರಣವಾಯಿತು, ಫಂಕ್ ಇನ್ನಷ್ಟು ಬಿಗಿಯಾಯಿತು. ಮುಷ್ಕರ ಮುರಿದು ತಂದವರಿಂದ ಇಷ್ಟು ಒಳ್ಳೆಯ ಸಂಗೀತ ಹುಟ್ಟಿತಲ್ಲ ಎಂಬುದು ನನ್ನಂಥವರಿಗೆ ನುಂಗಲು ಕಷ್ಟದ ತುತ್ತು. ಆದರೆ ಅದನ್ನು ಕೇಳುತ್ತ ಕಾಲು ತಾಳ ಹಾಕದೆ ಇರುವುದಿಲ್ಲ. ಬೂಟ್ಸಿಯೂ ಒಂದು ವರ್ಷ ಕಳೆಯುವಷ್ಟರಲ್ಲಿ ಹೊರಟುಹೋಗಿ, ಕೊನೆಗೆ ಜಾರ್ಜ್ ಕ್ಲಿಂಟನ್‌ನ ತಂಡ ಸೇರಿ, 'ದಿ ಒನ್' ಪಾಠವನ್ನು ಅಲ್ಲಿಗೆ ಒಯ್ದ.

'ಫಂಕಿ ಡ್ರಮರ್' 1970ರಲ್ಲಿ ಎರಡು ಭಾಗದ ಸಿಂಗಲ್ ಆಗಿ ಬಂದು, ದೊಡ್ಡ ಸದ್ದು ಮಾಡದೆ ಹೋಗಿತ್ತು. ಆಲ್ಬಂ ಒಂದರೊಳಗೆ ಸೇರಿದ್ದು 1986ರಲ್ಲಿ, 'ಇನ್ ದ ಜಂಗಲ್ ಗ್ರೂವ್' ಸಂಕಲನದಲ್ಲಿ. ಆ ಹೊತ್ತಿಗೆ ಸರಿಯಾಗಿ ನ್ಯೂಯಾರ್ಕಿನ ಹುಡುಗರ ಕೈಗೆ ಸ್ಯಾಂಪ್ಲರ್ ಯಂತ್ರಗಳು ಸಿಗತೊಡಗಿದ್ದವು. ಹಳೆಯ ತಟ್ಟೆಯಿಂದ ಒಂದು ತುಣುಕನ್ನು ಕತ್ತರಿಸಿ, ಮತ್ತೆ ಮತ್ತೆ ತಿರುಗುವಂತೆ ಮಾಡುವ ಯಂತ್ರ. ಬೇರೆ ವಾದ್ಯವಿಲ್ಲದ ಆ ಇಪ್ಪತ್ತು ಸೆಕೆಂಡು ಕತ್ತರಿಸಲೆಂದೇ ಇಟ್ಟಂತಿತ್ತು. ಪಬ್ಲಿಕ್ ಎನಿಮಿ ತಂಡದ 'ಫೈಟ್ ದ ಪವರ್', ಎಲ್ಎಲ್ ಕೂಲ್ ಜೆ, ಎನ್‌ಡಬ್ಲ್ಯೂಎ, ಅಷ್ಟೇಕೆ, ಬಿಳಿಯರ ಪಾಪ್ ಹಾಡುಗಳಲ್ಲೂ ಅದೇ ಡ್ರಮ್ಮು. ಆಗ ಬ್ರೌನ್ ಎಲ್ಲಿದ್ದ? 1988ರಲ್ಲಿ ಪೊಲೀಸರ ಜೊತೆಗಿನ ಕಾರ್ ಚೇಸ್ ನಂತರ ಆರು ವರ್ಷದ ಶಿಕ್ಷೆಯಾಗಿ, 1991ರ ಫೆಬ್ರವರಿವರೆಗೂ ಜೈಲಿನಲ್ಲಿದ್ದ. ಅವನ ಸಂಗೀತ ಅತಿ ಹೆಚ್ಚು ಬಳಕೆಯಾದ ಕಾಲದಲ್ಲಿ ಅವನೇ ಹೊರಗಿರಲಿಲ್ಲ. ಹೆಂಗಸರ ಮೇಲೆ ಕೈಮಾಡಿದ ಆರೋಪದಲ್ಲಿ ಆತ ಹಲವು ಸಲ ಬಂಧನಕ್ಕೊಳಗಾದದ್ದೂ ದಾಖಲೆಯಲ್ಲಿದೆ, 2004ರಲ್ಲಿ ಕೂಡ. ದಂಡ, ಬೆರಳ ಸನ್ನೆ, ಹೊಡೆತ ಇವು ಬೇರೆ ಬೇರೆ ಮನುಷ್ಯರ ಗುಣವಲ್ಲ.

1991ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಅನುಮತಿಯಿಲ್ಲದ ಸ್ಯಾಂಪ್ಲಿಂಗ್ ಕಳ್ಳತನವೇ ಎಂಬ ಧಾಟಿಯ ತೀರ್ಪು ಕೊಟ್ಟಿತು. ಅಲ್ಲಿಂದ ದುಡ್ಡು ಕೊಟ್ಟು ಅನುಮತಿ ಪಡೆಯುವುದು ರೂಢಿಯಾಯಿತು. ಆ ದುಡ್ಡು ಹೋಗುವುದು ರಚನೆಯ ಹಕ್ಕಿದ್ದವರಿಗೆ ಮತ್ತು ಧ್ವನಿಮುದ್ರಣದ ಹಕ್ಕಿದ್ದವರಿಗೆ. ಸ್ಟಬಲ್‌ಫೀಲ್ಡ್ ಎರಡೂ ಪಟ್ಟಿಯಲ್ಲಿಲ್ಲ. ಅವನದು ಆ ದಿನದ ಕೂಲಿ, ಅದು ಆ ದಿನವೇ ಮುಗಿದಿತ್ತು.

ಬ್ರೌನ್ 2006ರ ಕ್ರಿಸ್‌ಮಸ್ ದಿನ ತೀರಿಕೊಂಡ. ಆಸ್ತಿಯ ಬಹುಪಾಲು ಬಡ ಮಕ್ಕಳ ಓದಿಗೆ ಹೋಗಬೇಕೆಂದು ಉಯಿಲು ಬರೆದಿಟ್ಟಿದ್ದ. ಅದರ ಮೇಲೆ ಒಂದೂವರೆ ದಶಕ ವ್ಯಾಜ್ಯ ನಡೆದು, 2021ರಲ್ಲಿ ಹಾಡುಗಳ ಹಕ್ಕು ಸೇರಿದಂತೆ ಆಸ್ತಿಯನ್ನು ಪ್ರೈಮರಿ ವೇವ್ ಕಂಪನಿ ಕೊಂಡಿತು. ಮೊತ್ತ ಸುಮಾರು 9 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು.

ಸ್ಟಬಲ್‌ಫೀಲ್ಡ್ 1970ರ ದಶಕದಲ್ಲೇ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೋಗಿ ನೆಲೆಸಿದ. ವರ್ಷಗಟ್ಟಲೆ ಪ್ರತಿ ಸೋಮವಾರ ರಾತ್ರಿ ಅಲ್ಲಿನ ಕ್ಲಬ್ಬಿನಲ್ಲಿ ನುಡಿಸಿದ. ಕಾಯಿಲೆ ಬಿದ್ದಾಗ ಆಸ್ಪತ್ರೆಯ ಬಿಲ್ಲಿನಲ್ಲಿ ದೊಡ್ಡ ಪಾಲನ್ನು ಗಾಯಕ ಪ್ರಿನ್ಸ್ ಗುಟ್ಟಾಗಿ ಕಟ್ಟಿದ್ದ. ಪ್ರಿನ್ಸ್ ತೀರಿಕೊಂಡ ಮೇಲಷ್ಟೇ ಅದು ಹೊರಬಿತ್ತು. 'ಫಂಕಿ ಡ್ರಮರ್' ತನಗೇನೂ ಮೆಚ್ಚಿನ ಹಾಡಲ್ಲ ಎಂದು ಸ್ಟಬಲ್‌ಫೀಲ್ಡ್ ಹೇಳುತ್ತಿದ್ದ. ಹಣ ಬಾರದ್ದಕ್ಕೆ ಕೊರಗಿಲ್ಲ, ಆದರೆ ಬಳಸಿಕೊಂಡವರು ಕೊಡದಿರುವುದು ಅಗೌರವ ಎಂಬುದು ಅವನ ಮಾತಿನ ಸಾರ. ಸ್ಯಾಂಪ್ಲಿಂಗ್ ಕುರಿತ 'ಕಾಪಿರೈಟ್ ಕ್ರಿಮಿನಲ್ಸ್' ಸಾಕ್ಷ್ಯಚಿತ್ರದ ವಿಶೇಷ ಡಿವಿಡಿಗಾಗಿ ಆತ ಮತ್ತೆ ಡ್ರಮ್ಮಿನ ಮುಂದೆ ಕೂತು ಹೊಸದಾಗಿ ಒಂದಷ್ಟು ಲಯಗಳನ್ನು ನುಡಿಸಿದ. ಯಾರು ಬೇಕಾದರೂ ಕತ್ತರಿಸಿ ಬಳಸಬಹುದು, ಹಣ ಮಾಡಿದರೆ ಪಾಲು ಕೊಡಬೇಕು ಎಂಬ ಷರತ್ತಿನೊಂದಿಗೆ, ಈ ಸಲ ತನ್ನದೇ ಹೆಸರಿನಲ್ಲಿ. 2017ರ ಫೆಬ್ರವರಿಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ 73.