ಬಸುರಿಯ ಮರೆವು, ಬಾಣಂತಿಯ ಮನಸ್ಸು

ಚನ್ನಗಿರಿಯ ಅಡಿಕೆ ಸೀಮೆಯಿರಲಿ, ಜಗಳೂರಿನ ಬಯಲಿರಲಿ, ಬಸುರಿಗೆ ಮರೆವು ಹೆಚ್ಚು ಎಂಬ ಮಾತು ಹಳೆಯದು. ಹೆತ್ತ ಮೇಲೆ ನಡತೆ ಹದ ತಪ್ಪಿದರೆ ಅದು ಬಾಣಂತಿ ಸನ್ನಿ. ಇವೆರಡನ್ನೂ ಒಂದೇ ನೂಲಿನಲ್ಲಿ ಪೋಣಿಸಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು.

ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಬಸುರಿ ಬಾಣಂತಿಯರ ಮನೋರೋಗದ ಬಗ್ಗೆ 1858ರಲ್ಲೇ ಇಡೀ ಗ್ರಂಥ ಬರೆದ. ಮಿದುಳಿಗೂ ಹಾರ್ಮೋನಿಗೂ ಇರುವ ನಂಟಿನ ಗಟ್ಟಿ ಸುಳಿವು ಕೊಟ್ಟದ್ದು ಮಾತ್ರ ಇಲಿಗಳು. 1968ರಲ್ಲಿ ಸಂಶೋಧಕರಾದ ಟರ್ಕೆಲ್ ಮತ್ತು ರೋಸೆನ್‌ಬ್ಲಾಟ್ ಆಗತಾನೆ ಮರಿ ಹಾಕಿದ ಇಲಿಯ ರಕ್ತದ್ರವವನ್ನು ಬಸುರನ್ನೇ ಕಾಣದ ಇಲಿಗೆ ಚುಚ್ಚಿದರು. ಅದು ಬೇಗನೆ ಪರರ ಮರಿಗಳ ಆರೈಕೆಗೆ ನಿಂತಿತು. 1999ರಲ್ಲಿ ಕಿನ್ಸ್‌ಲಿ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಆಹಾರ ಇಟ್ಟ ಜಾಗವನ್ನು ನೆನಪಿಡುವುದರಲ್ಲಿ ತಾಯಿ ಇಲಿಗಳದೇ ಮೇಲುಗೈ. ಬಸುರು ಬುದ್ಧಿಯನ್ನು ಕುಂದಿಸುತ್ತದೆ ಎಂದುಕೊಂಡವರಿಗೆ ಇದು ನುಂಗಲಾರದ ತುತ್ತು.

ಮನುಷ್ಯರ ಸರದಿ ಬಂದದ್ದು ಎಂಆರ್‌ಐ ಕೈಗೆಟುಕಿದ ಮೇಲೆ. ಬಾರ್ಸಿಲೋನಾದಲ್ಲಿ ಹೂಕ್ಸೆಮಾ ಮತ್ತು ಸಂಗಡಿಗರು 25 ಚೊಚ್ಚಲ ತಾಯಂದಿರ ಮಿದುಳನ್ನು ಬಸುರಿಗೆ ಮೊದಲು ಮತ್ತು ಹೆರಿಗೆಯ ನಂತರ ಚಿತ್ರಿಸಿ 2016ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಇತರರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳಲ್ಲಿ ಬೂದು ದ್ರವ್ಯ ತೆಳುವಾಗಿತ್ತು. ಎರಡು ವರ್ಷವಾದರೂ ಬಹುಪಾಲು ಹಾಗೇ ಇತ್ತು. ಸೋಜಿಗವೆಂದರೆ ನೆನಪಿನ ಪರೀಕ್ಷೆಗಳಲ್ಲಿ ಇಳಿಕೆ ಕಾಣಲಿಲ್ಲ, ಬದಲಾವಣೆ ಹೆಚ್ಚಿದ್ದವರಲ್ಲಿ ಮಗುವಿನ ಮೇಲಿನ ಒಲವೂ ಹೆಚ್ಚಿತ್ತು. ಹರೆಯದಲ್ಲೂ ಮಿದುಳು ಹೀಗೆಯೇ ತೆಳುವಾಗುತ್ತದೆ. ಅದನ್ನು ಯಾರೂ ರೋಗವೆನ್ನುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 20 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಕೊನೆಯ ಮೂರು ತಿಂಗಳಲ್ಲಿ ನೆನಪು ತುಸು ಕುಂದುವುದು ನಿಜ, ಆದರೆ ಸಾಮಾನ್ಯ ಮಟ್ಟದೊಳಗೇ ಎಂದು ತಿಳಿಯಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಗೆ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ತಮ್ಮದೇ ಮಿದುಳಿನ 26 ಸ್ಕ್ಯಾನ್‌ಗಳನ್ನು ಒಪ್ಪಿಸಿದ್ದರು.

ನನ್ನ ಮಟ್ಟಿಗೆ ಚಿಂತೆಯ ವಿಷಯ ಮರೆವಲ್ಲ, ಹೆರಿಗೆಯ ನಂತರದ ಕುಸಿತ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಪಾತಾಳಕ್ಕಿಳಿಯುತ್ತವೆ. ಪ್ರೊಜೆಸ್ಟರಾನ್‌ನಿಂದ ಹುಟ್ಟಿ ಮಿದುಳನ್ನು ಶಾಂತವಾಗಿಡುವ ಅಲೊಪ್ರೆಗ್ನನೊಲೋನ್ ಕೂಡ ಇಳಿಯುತ್ತದೆ. ಅದನ್ನೇ ಔಷಧವಾಗಿಸಿದ ಬ್ರೆಕ್ಸನೊಲೋನ್‌ಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಭಾರತದ 38 ಅಧ್ಯಯನಗಳ 2017ರ ವಿಶ್ಲೇಷಣೆಯ ಪ್ರಕಾರ ಬಾಣಂತಿಯರಲ್ಲಿ ಶೇ. 22ರಷ್ಟು ಮಂದಿಗೆ ಖಿನ್ನತೆ.

ಇಂಥ ಖಿನ್ನತೆ, ಮನೋರೋಗಗಳ ಆರೈಕೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋಚಿಕಿತ್ಸೆ ಎಂಬ ಪ್ರಯೋಗ ಜಿಲ್ಲಾ ಮಟ್ಟದಲ್ಲಿ 1985ರಲ್ಲಿ ಶುರುವಾದದ್ದು ಜಗಳೂರಿನ ಪಕ್ಕದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ. 2009ರಲ್ಲಿ ನಿಮ್ಹಾನ್ಸ್ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್ ತೆರೆಯಿತು; ಅದನ್ನು ಕಟ್ಟಿದವರಲ್ಲಿ ಡಾ. ಪ್ರಭಾ ಚಂದ್ರ ಪ್ರಮುಖರು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ.

ಆದರೆ ಒಂದು ತೊಡಕಿದೆ. ಬಾರ್ಸಿಲೋನಾದ ಚಿತ್ರಗಳನ್ನು ಹೊನ್ನಾಳಿ, ನ್ಯಾಮತಿಯ ಹೆಂಗಸರಿಗೆ ನೇರವಾಗಿ ಅನ್ವಯಿಸಲಾಗದು. ರಕ್ತಹೀನತೆ, ಥೈರಾಯ್ಡ್ ಕೊರತೆ, ನಿದ್ದೆಗೇಡು, ಇವೂ ತಲೆಗೆ ಮಂಕು ಕವಿಸುತ್ತವೆ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವ ಮೊದಲು ರಕ್ತಪರೀಕ್ಷೆ ಆಗಲಿ. ಹಿಮೋಗ್ಲೋಬಿನ್, ಬಿ.ಪಿ. ನೋಡುವಾಗಲೇ ಆಶಾ ಕಾರ್ಯಕರ್ತೆ ‘ಮನಸ್ಸು ಹೇಗಿದೆಯಮ್ಮಾ, ನಿದ್ದೆ ಬರುತ್ತಾ?’ ಎಂದೂ ಕೇಳಲಿ. ಮನೆಯ ಬಾಣಂತಿ ಎರಡು ವಾರ ಸತತವಾಗಿ ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ. ಇಲ್ಲದ್ದು ಕಂಡಂತೆ, ಕೇಳಿದಂತೆ ಮಾತಾಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.