ಲಿಂಕನ್ನರ ನಾಡಿನಲ್ಲಿ ಒಂದು ತಪ್ಪೊಪ್ಪಿಗೆ

ನನ್ನ ಬಳಿ ಓದಿದ ನಿಮ್ಮಲ್ಲಿ ಅನೇಕರಿಗೆ ನಮ್ಮ ಪ್ರೌಢಶಾಲೆಯ ಅಧ್ಯಾಪಕರ ಕೊಠಡಿಯ ಗೋಡೆಯ ಮೇಲಿದ್ದ ಗಾಜಿನ ಚೌಕಟ್ಟೊಂದು ನೆನಪಿರಬಹುದು. ಅಬ್ರಹಾಂ ಲಿಂಕನ್ನರು ತಮ್ಮ ಮಗನ ಮುಖ್ಯೋಪಾಧ್ಯಾಯರಿಗೆ ಬರೆದರೆಂದು ಹೇಳಲಾಗುವ ಪತ್ರದ ಕನ್ನಡ ಅನುವಾದ ಅದರಲ್ಲಿತ್ತು. ಪೇಂಟರ್ ಒಬ್ಬರಿಂದ ದುಂಡಗಿನ ಅಕ್ಷರಗಳಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ಮೊಳೆ ಹೊಡೆಸಿ ತೂಗುಹಾಕಿಸಿದವನು ನಾನೇ. ಪ್ರತಿವರ್ಷ ಸೆಪ್ಟೆಂಬರ್ 5ರಂದು ಪ್ರಾರ್ಥನೆಯಾದ ಮೇಲೆ ಅದನ್ನು ಗಟ್ಟಿಯಾಗಿ ಓದುವ ಸರದಿಯೂ ನನ್ನದೇ ಆಗಿತ್ತು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಓದಿದ್ದೇನೆ. ಓದುವಾಗ ನನ್ನ ಗಂಟಲು ಕಟ್ಟಿಬರುತ್ತಿತ್ತೆಂಬುದನ್ನು ನೀವು ಆಡಿಕೊಂಡು ನಗುತ್ತಿದ್ದುದೂ ನನಗೆ ತಿಳಿದಿತ್ತು.

ಅದೇ ಪತ್ರದ ಕಾರಣದಿಂದ ಈ ಲೇಖನವನ್ನು ಬರೆಯಬೇಕಾಗಿ ಬಂದಿದೆ.

2024ರ ಬೇಸಿಗೆಯಲ್ಲಿ ನಾನೂ ನಿಮ್ಮ ಅಮ್ಮನವರೂ (ಹಳೆಯ ವಿದ್ಯಾರ್ಥಿಗಳೆಲ್ಲ ನನ್ನ ಮನೆಯಾಕೆಯನ್ನು ಹಾಗೆಯೇ ಕರೆಯುವುದು ರೂಢಿ) ಅಮೆರಿಕೆಯ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆವು. ಸುತ್ತಲೂ ಮುಸುಕಿನ ಜೋಳದ ಹೊಲಗಳು, ನಡುವೆ ಒಂದು ದೊಡ್ಡ ವಿಮಾ ಸಂಸ್ಥೆ, ಅದರ ಗಣಕಯಂತ್ರ ವಿಭಾಗದಲ್ಲಿ ದುಡಿಯುವ ನಮ್ಮ ಕಡೆಯ ಮಕ್ಕಳು. ಸಂಜೆಯ ವಾಯುವಿಹಾರದಲ್ಲಿ ಕನ್ನಡ ಕಿವಿಗೆ ಬೀಳದ ದಿನವೇ ಇರಲಿಲ್ಲ. ಬಂದ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದದ್ದು ಕಾರುಗಳ ನಂಬರು ಫಲಕ. ಆ ರಾಜ್ಯದ ವಾಹನಗಳ ಫಲಕದ ಮೇಲೆ 1954ರಿಂದಲೂ 'ಲಿಂಕನ್ನರ ನಾಡು' ಎಂಬ ಅರ್ಥದ ಮಾತು ಅಚ್ಚಾಗುತ್ತಾ ಬಂದಿದೆ.

ಲಿಂಕನ್ನರು ಅಲ್ಲಿ ಹುಟ್ಟಿದವರಲ್ಲ. 1809ರಲ್ಲಿ ಜನಿಸಿದ್ದು ಕೆಂಟಕಿಯಲ್ಲಿ, ಬೆಳೆದದ್ದು ಇಂಡಿಯಾನಾದಲ್ಲಿ. ಇಲಿನಾಯ್ ಸೇರಿದ್ದು 1830ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಆದರೂ ಮೂವತ್ತು ವರ್ಷ ಅಲ್ಲಿ ಬಾಳಿ, ಅಲ್ಲಿಂದಲೇ ಅಧ್ಯಕ್ಷರಾಗಿ ಹೋಗಿ, ಶವವಾಗಿ ಅಲ್ಲಿಗೇ ಮರಳಿದರು. ಅವರು ವಾದ ಮಾಡಿದ ನ್ಯಾಯಾಲಯ, ಭಾಷಣ ಮಾಡಿದ ಮೈದಾನ, ಎಲ್ಲಕ್ಕೂ ಒಂದೊಂದು ಫಲಕ. 1858ರಲ್ಲಿ ಸ್ಟೀಫನ್ ಡಗ್ಲಾಸ್ ಅವರೊಡನೆ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅವರು ವಾದಿಸಿದ ಏಳು ಊರುಗಳಲ್ಲಿಯೂ ಸ್ಮಾರಕಗಳಿವೆ. ಇಷ್ಟೊಂದು ಗುರುತುಗಳನ್ನು ಕಂಡಾಗ ಇತಿಹಾಸದ ಮೇಷ್ಟರಿಗೆ ಹಬ್ಬದೂಟ ಬಡಿಸಿದಂತಾಗುವುದು ಸಹಜ.

ಬ್ಲೂಮಿಂಗ್ಟನ್ನಿನಲ್ಲಿಯೇ ಒಂದು ವಿಚಿತ್ರ ಸ್ಮರಣೆಯುಂಟು. 1856ರ ಮೇ 29ರಂದು ಆ ಊರಿನ ಸಭಾಂಗಣವೊಂದರಲ್ಲಿ ಲಿಂಕನ್ನರು ಗುಲಾಮಗಿರಿಯ ವಿಸ್ತರಣೆಯನ್ನು ಖಂಡಿಸಿ ಭಾಷಣ ಮಾಡಿದರು. ಕೇಳುತ್ತಿದ್ದ ವರದಿಗಾರರು ಬರೆದುಕೊಳ್ಳುವುದನ್ನೇ ಮರೆತರೆಂದು ಪ್ರತೀತಿ. ಏನೇ ಇರಲಿ, ಅದರ ಪೂರ್ಣಪಾಠ ಯಾರ ಬಳಿಯೂ ಇಲ್ಲ. 'ಕಳೆದುಹೋದ ಭಾಷಣ' ಎಂದೇ ಅದಕ್ಕೆ ಹೆಸರು. ಆ ಸಭಾಂಗಣವೂ ಈಗಿಲ್ಲ. ಇಲ್ಲದ ಕಟ್ಟಡದಲ್ಲಿ ಆಡಿದ, ಉಳಿಯದ ಮಾತಿಗೂ ಒಂದು ಫಲಕವಿದೆ! ಮಗಳು ಅದನ್ನು ತೋರಿಸಿದಾಗ ನಾನು ನಕ್ಕೆ. ಆ ನಗು ನನ್ನ ಮೇಲೆಯೇ ತಿರುಗಿಬೀಳುವುದೆಂದು ಆಗ ತಿಳಿದಿರಲಿಲ್ಲ.

ಆಗಸ್ಟ್ ಕೊನೆಯ ವಾರ ಅಳಿಯಂದಿರು ರಜೆ ಹಾಕಿ ನಮ್ಮನ್ನು ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಕರೆದೊಯ್ದರು. ದಾರಿಯಲ್ಲಿ ಲಿಂಕನ್ ಎಂಬುದೇ ಹೆಸರಾದ ಒಂದು ಊರು ಸಿಗುತ್ತದೆ. ಅವರು ಅಧ್ಯಕ್ಷರಾಗುವುದಕ್ಕೆ ಮೊದಲೇ, 1853ರಲ್ಲಿ, ಅವರ ಹೆಸರನ್ನು ಹೊತ್ತ ಊರು ಅದು. ರೈಲು ಹಾದಿಯ ಪಕ್ಕದಲ್ಲಿ ಊರು ಕಟ್ಟಲು ಹೊರಟವರಿಗೆ ಅವರು ವಕೀಲರಾಗಿದ್ದರು. ನಾಮಕರಣಕ್ಕೆ ಕಲ್ಲಂಗಡಿ ಹಣ್ಣನ್ನು ಹಿಂಡಿ ಅದರ ರಸವನ್ನೇ ಪ್ರೋಕ್ಷಿಸಿದರಂತೆ. ಇಂದಿಗೂ ಅಲ್ಲಿನ ರೈಲು ನಿಲ್ದಾಣದ ಬಳಿ ಕಲ್ಲಂಗಡಿಯ ಹೋಳೊಂದರ ಶಿಲ್ಪವಿದೆ. ಪುರೋಹಿತರಿಗೆ ದಕ್ಷಿಣೆ ಕೊಡುವ ಖರ್ಚಿಲ್ಲದ ನಾಮಕರಣವೆಂದು ನಿಮ್ಮ ಅಮ್ಮನವರು ಮೆಚ್ಚಿಕೊಂಡರು.

ಸ್ಪ್ರಿಂಗ್‌ಫೀಲ್ಡಿಗೆ ಸುಮಾರು ಇಪ್ಪತ್ತು ಮೈಲಿ ವಾಯವ್ಯದಲ್ಲಿ ನ್ಯೂ ಸೇಲಂ ಎಂಬ ಹಳ್ಳಿಯಿದೆ. ಲಿಂಕನ್ನರು 1831ರಿಂದ 1837ರವರೆಗೆ ಅಲ್ಲಿದ್ದರು. ಅಂಗಡಿಯಿಟ್ಟು ಸಾಲಗಾರರಾದರು, ಪೋಸ್ಟ್ ಮಾಸ್ಟರಾದರು, ಜಮೀನಿನ ಸರ್ವೆ ಮಾಡಿದರು, ಎರವಲು ಪುಸ್ತಕಗಳಿಂದ ಕಾನೂನು ಕಲಿತರು. ಮರದ ದಿಮ್ಮಿಗಳ ಮನೆಗಳು, ಕಮ್ಮಾರನ ಕುಲುಮೆ, ಕೊಟ್ಟಿಗೆ, ಇವನ್ನೆಲ್ಲ ನೋಡುತ್ತಾ ನಡೆದಾಗ ಮೈ ಜುಮ್ಮೆಂದಿತು. ಆಮೇಲೆ ತಿಳಿಯಿತು: 1840ರ ಹೊತ್ತಿಗೆ ಆ ಹಳ್ಳಿ ಪಾಳುಬಿದ್ದು ಮಣ್ಣುಗೂಡಿತ್ತು. ಈಗ ಕಾಣುವ ಮನೆಗಳಲ್ಲಿ ಹೆಚ್ಚಿನವು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ನಿರುದ್ಯೋಗಿ ಯುವಕರಿಗೆ ಸರ್ಕಾರ ಕೆಲಸ ಕೊಡುವ ಯೋಜನೆಯಲ್ಲಿ ಹೊಸದಾಗಿ ಕಟ್ಟಿದವು. ಪೀಪಾಯಿ ಮಾಡುವ ಬಡಗಿಯೊಬ್ಬನ ಕಾರ್ಯಾಗಾರ ಮಾತ್ರ ಮೂಲದ್ದು. ಅದೂ ಪಕ್ಕದ ಪೀಟರ್ಸ್‌ಬರ್ಗ್ ಊರಿಗೆ ಹೋಗಿದ್ದು ಮರಳಿ ಬಂದದ್ದು. ಆದರೆ ಇದನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಯಾವುದು ಹಳೆಯದು, ಯಾವುದು ಮರುನಿರ್ಮಾಣ ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಸ್ಪ್ರಿಂಗ್‌ಫೀಲ್ಡಿನ ಹಳೆಯ ಶಾಸನಸಭಾ ಭವನದ ಕಥೆಯೂ ಅದೇ. ಅದನ್ನು 1960ರ ದಶಕದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ, ಅಡಿಯಲ್ಲಿ ವಾಹನ ನಿಲ್ದಾಣ ಮಾಡಿ, ಮತ್ತೆ ಜೋಡಿಸಿದ್ದಾರೆ.

ಲಿಂಕನ್ನರ ಸ್ವಂತ ಮನೆ ಮಾತ್ರ ನಿಜವಾದ ಹಳೆಯ ಮನೆ. 1844ರಲ್ಲಿ ಪಾದ್ರಿಯೊಬ್ಬರಿಂದ ಕೊಂಡದ್ದು, 1856ರಲ್ಲಿ ಎರಡು ಅಂತಸ್ತಿಗೆ ಏರಿಸಿದ್ದು. 1861ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿಗೆ ಹೊರಡುವವರೆಗೂ ಅವರ ಸಂಸಾರ ಇದ್ದದ್ದು ಅಲ್ಲಿಯೇ. ಹಿರಿಯ ಮಗ ರಾಬರ್ಟ್ 1887ರಲ್ಲಿ ಅದನ್ನು ರಾಜ್ಯಕ್ಕೆ ಬಿಟ್ಟುಕೊಡುವಾಗ, ಮನೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು, ನೋಡಲು ಬರುವವರಿಂದ ಹಣ ಪಡೆಯಬಾರದು ಎಂದು ಷರತ್ತು ಹಾಕಿದರು. ಇಂದಿಗೂ ಅಲ್ಲಿ ಪ್ರವೇಶ ಉಚಿತ. ಮಹಡಿ ಮೆಟ್ಟಿಲಿನ ಕೈಪಿಡಿ ಆ ಕಾಲದ್ದೇ, ಮುಟ್ಟಿ ನೋಡಬಹುದು ಎಂದು ಮಾರ್ಗದರ್ಶಕರು ಹೇಳಿದರು. ನಾನು ಅದನ್ನು ಹಿಡಿದುಕೊಂಡೇ ಮೇಲೆ ಹತ್ತಿದೆ. ಅಲ್ಲಿ ಮಕ್ಕಳ ಕೋಣೆಯನ್ನು ನೋಡುತ್ತಿದ್ದಾಗ ನಮ್ಮ ಗೋಡೆಯ ಪತ್ರ ನೆನಪಾಯಿತು.

ಅಲ್ಲಿಂದ ನಾವು ಹೋದದ್ದು 2005ರಲ್ಲಿ ತೆರೆದ ಲಿಂಕನ್ ವಸ್ತುಸಂಗ್ರಹಾಲಯಕ್ಕೆ. ಅಲ್ಲಿದ್ದ ವಯಸ್ಸಾದ ಸ್ವಯಂಸೇವಕಿಯೊಬ್ಬರನ್ನು, ಮಗನ ಶಿಕ್ಷಕರಿಗೆ ಬರೆದ ಪತ್ರದ ಮೂಲಪ್ರತಿ ಎಲ್ಲಿದೆ ಎಂದು ಕೇಳಿದೆ. ಆ ತಾಯಿ ಮುಗುಳ್ನಕ್ಕು, "ನೀವು ಭಾರತದಿಂದ ಬಂದವರೇ?" ಎಂದರು. ಭಾರತದಿಂದ ಬಂದವರು ಆಗಾಗ ಇದನ್ನೇ ಕೇಳುತ್ತಾರಂತೆ. ಅಂತಹ ಪತ್ರ ಲಿಂಕನ್ನರ ಸಮಗ್ರ ಬರಹಗಳಲ್ಲಿ ಇಲ್ಲ, ಅವರು ಬರೆದದ್ದೆಂಬುದಕ್ಕೆ ಆಧಾರವೂ ಇಲ್ಲ ಎಂದು ಬಹಳ ಮೃದುವಾಗಿ ಹೇಳಿದರು.

ನಾನು ಒಂದು ಕುರ್ಚಿ ಹುಡುಕಿ ಕುಳಿತೆ. ಆಗ ನನಗೇ ಹೊಳೆಯತೊಡಗಿತು, ಹೊಳೆಯಲು ಇಷ್ಟು ವರ್ಷ ಬೇಕಿರಲಿಲ್ಲ. ಅವರಿಗೆ ನಾಲ್ವರು ಗಂಡುಮಕ್ಕಳು. ಎಡ್ಡಿ ನಾಲ್ಕು ವರ್ಷ ತುಂಬುವುದರೊಳಗೆ 1850ರಲ್ಲಿ ತೀರಿಕೊಂಡ. ರಾಬರ್ಟ್ ತಂದೆ ಅಧ್ಯಕ್ಷರಾಗುವ ಹೊತ್ತಿಗೆ ಹಾರ್ವರ್ಡ್ ಸೇರಿಯಾಗಿತ್ತು. ಚಿಕ್ಕವರಾದ ವಿಲ್ಲಿ ಮತ್ತು ಟ್ಯಾಡ್ ಅವರಿಗೆ ಶ್ವೇತಭವನದಲ್ಲಿ ಮನೆಪಾಠ ನಡೆಯುತ್ತಿತ್ತು. ವಿಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿಯೇ ಅಸುನೀಗಿದ. ಪತ್ರದಲ್ಲಿ ಮೊದಲ ದಿನ ಶಾಲೆಗೆ ಕಾಲಿಡುವ ಹುಡುಗ ಇವರಲ್ಲಿ ಯಾರು? ಯಾವ ಶಾಲೆ? ಯಾವ ವರ್ಷ? ದಿನಾಂಕವಿಲ್ಲದ, ಹೆಸರಿಲ್ಲದ ದಾಖಲೆಯನ್ನು ನಂಬಬೇಡಿರೆಂದು ಎಂಟನೆಯ ತರಗತಿಯ 'ಆಧಾರಗಳು' ಪಾಠದಲ್ಲಿ ನಿಮಗೆ ಹೇಳಿಕೊಡುತ್ತಿದ್ದವನು ನಾನೇ ಅಲ್ಲವೇ!

ಇನ್ನೂ ಒಂದು ನೆನಪು ಚುಚ್ಚಿತು. ತೊಂಬತ್ತರ ದಶಕದಲ್ಲಿ ಒಂದು ಶಿಕ್ಷಕರ ದಿನಾಚರಣೆಯಂದು, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿ ನಿಂತೇ, "ಸಾರ್, ಆ ಮೇಷ್ಟ್ರ ಹೆಸರೇನು ಸಾರ್?" ಎಂದು ಕೇಳಿದ್ದ. ಎಲ್ಲರೂ ನಕ್ಕರು. ಅವನು ತಮಾಷೆ ಮಾಡುತ್ತಿದ್ದಾನೆಂದು ತಿಳಿದು, ಸಭೆ ಮುಗಿಯುವವರೆಗೆ ಹೊರಗೆ ನಿಲ್ಲುವಂತೆ ಹೇಳಿದೆ. ಪ್ರಶ್ನೆ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಓಕ್ ರಿಡ್ಜ್ ಸ್ಮಶಾನದಲ್ಲಿರುವ ಸಮಾಧಿಗೆ ಹೋದೆವು. 1865ರ ಏಪ್ರಿಲ್ 14ರ ರಾತ್ರಿ ಗುಂಡೇಟು ತಿಂದು ಮರುದಿನ ತೀರಿಕೊಂಡ ಅವರ ಪಾರ್ಥಿವ ಶರೀರ ರೈಲಿನಲ್ಲಿ 1,600ಕ್ಕೂ ಹೆಚ್ಚು ಮೈಲಿ ಪಯಣಿಸಿ ಮೇ 4ರಂದು ಆ ಸ್ಮಶಾನವನ್ನು ಸೇರಿತು. ಈಗಿನ ಸ್ಮಾರಕ 1874ರಲ್ಲಿ ಲೋಕಾರ್ಪಣೆಯಾದದ್ದು, 117 ಅಡಿ ಎತ್ತರ. ಎರಡೇ ವರ್ಷಕ್ಕೆ, 1876ರ ನವೆಂಬರಿನಲ್ಲಿ, ಖೋಟಾನೋಟಿನ ತಂಡವೊಂದು ಶವವನ್ನೇ ಕದ್ದು, ಎರಡು ಲಕ್ಷ ಡಾಲರನ್ನೂ ಜೈಲಿನಲ್ಲಿದ್ದ ತಮ್ಮ ಅಚ್ಚುಕೆತ್ತುವವನ ಬಿಡುಗಡೆಯನ್ನೂ ಕೇಳಲು ಹೊಂಚಿತ್ತು. ತಂಡದೊಳಗೇ ಪೊಲೀಸರ ಕಡೆಯವನೊಬ್ಬನಿದ್ದುದರಿಂದ ಸಂಚು ಮುರಿಯಿತು. ಇಂತಹ ಭಯದಿಂದಲೇ 1901ರಲ್ಲಿ ಪೆಟ್ಟಿಗೆಯನ್ನು ಹತ್ತು ಅಡಿ ಆಳದಲ್ಲಿಟ್ಟು ಕಾಂಕ್ರೀಟು ಸುರಿದರು. ಅದಕ್ಕೆ ಮೊದಲು ಪೆಟ್ಟಿಗೆಯನ್ನು ತೆರೆದು, ಒಳಗಿರುವವರು ಲಿಂಕನ್ನರೇ ಹೌದೆಂದು ಇಪ್ಪತ್ತಕ್ಕೂ ಹೆಚ್ಚು ಜನ ನೋಡಿ ಖಚಿತಪಡಿಸಿಕೊಂಡರು. ಸತ್ತವರ ಗುರುತಿನ ವಿಷಯದಲ್ಲಿಯೂ ಅವರು ವಹಿಸಿದ ಎಚ್ಚರಿಕೆಯನ್ನು ನಾನು ಒಂದು ಹಾಳೆಯ ವಿಷಯದಲ್ಲಿ ವಹಿಸಲಿಲ್ಲ. ಹೊರಗಿರುವ ಕಂಚಿನ ತಲೆಯ ಮೂಗನ್ನು ಶುಭವಾಗಲೆಂದು ಎಲ್ಲರೂ ಸವರಿ ಸವರಿ ಹೊಳಪೇರಿಸಿದ್ದಾರೆ. ನಾನು ಸವರಲಿಲ್ಲ.

ಸಂಜೆ ಊರಿನೊಳಕ್ಕೆ ಮರಳಿದಾಗ ವಸ್ತುಸಂಗ್ರಹಾಲಯದ ಎದುರಿನ ಉದ್ಯಾನದಲ್ಲಿ ಎರಡು ಕಂಚಿನ ಶಿಲ್ಪಗಳನ್ನು ಅಳಿಯಂದಿರು ತೋರಿಸಿದರು. ಸುಟ್ಟ ಮನೆಗಳ ನಡುವೆ ಉಳಿದು ನಿಂತ ಹೊಗೆಗೂಡುಗಳ ಆಕಾರ. ಇದು ಲಿಂಕನ್ನರ ಸ್ಮಾರಕವಲ್ಲ, ಆದರೆ ಇದನ್ನು ಬಿಟ್ಟರೆ ಆ ಊರಿನ ಲಿಂಕನ್ ಸ್ಮರಣೆ ಅರ್ಧವಾಗುತ್ತದೆ. 1908ರ ಆಗಸ್ಟಿನಲ್ಲಿ, ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಮಾಡಿದವರ ಮನೆಯಿಂದ ಕೂಗಳತೆಯಲ್ಲಿ, ಬಿಳಿಯರ ಗುಂಪು ಕಪ್ಪು ಜನರ ಮನೆ, ಅಂಗಡಿಗಳನ್ನು ಸುಟ್ಟಿತು. ಸ್ಕಾಟ್ ಬರ್ಟನ್ ಎಂಬ ಕ್ಷೌರಿಕರನ್ನೂ, ಎಂಬತ್ತರ ಆಸುಪಾಸಿನ ವಿಲಿಯಂ ಡೊನೆಗನ್ ಎಂಬ ಚಮ್ಮಾರರನ್ನೂ ಕೊಂದು ಮರಕ್ಕೆ ನೇತುಹಾಕಿತು. ಆರು ತಿಂಗಳಿಗೆ, 1909ರ ಫೆಬ್ರವರಿ 12ರಂದು, ಲಿಂಕನ್ನರ ಜನ್ಮಶತಮಾನೋತ್ಸವ. ಅಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆದ ಭಾರಿ ಔತಣಕ್ಕೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅದೇ ದಿನ, ಅದೇ ಗಲಭೆಯಿಂದ ನೊಂದ ಕಪ್ಪು ಹಾಗೂ ಬಿಳಿಯ ಜನ ಕೂಡಿ ಹೊರಡಿಸಿದ ಕರೆಯಿಂದ ಹುಟ್ಟಿದ್ದು, ಮುಂದೆ ಆ ದೇಶದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಎನ್‌ಎಎಸಿಪಿ ಎಂಬ ಪ್ರಸಿದ್ಧ ಸಂಸ್ಥೆ.

ಈ ಗಲಭೆಯ ಬಗ್ಗೆ ಆ ಊರು ಎಂಬತ್ತಕ್ಕೂ ಹೆಚ್ಚು ವರ್ಷ ಒಂದು ಫಲಕವನ್ನೂ ನೆಟ್ಟಿರಲಿಲ್ಲ. ಲಿಂಕನ್ನರು ಕೂತದ್ದಕ್ಕೆ, ನಿಂತದ್ದಕ್ಕೆ ಫಲಕವಿದ್ದ ಊರು! ಕೊನೆಗೆ ಕೇಳಿದವರು ಆರನೆಯ ತರಗತಿಯ ಇಬ್ಬರು ಹುಡುಗಿಯರು. ಶಾಲೆಯಲ್ಲಿ ಓದುವಾಗ ಈ ವಿಷಯ ತಿಳಿದು, ಇದಕ್ಕೇಕೆ ಸ್ಮಾರಕವಿಲ್ಲವೆಂದು ಅರ್ಜಿ ಬರೆದು ಸಹಿ ಸಂಗ್ರಹಿಸಿದರು. ಅದರ ಫಲವಾಗಿ 1994ರಲ್ಲಿ ನಗರದ ಬೀದಿಗಳಲ್ಲಿ ಗಲಭೆಯ ಹಾದಿಯನ್ನು ಗುರುತಿಸುವ ಕಲ್ಲುಗಳನ್ನು ನೆಟ್ಟರು. ಕಂಚಿನ ಶಿಲ್ಪ ಬಂದದ್ದು 2009ರಲ್ಲಿ. 2014ರಲ್ಲಿ ರೈಲು ಕಾಮಗಾರಿಗಾಗಿ ನೆಲ ಅಗೆದಾಗ ಸುಟ್ಟ ಐದು ಮನೆಗಳ ಅಡಿಪಾಯಗಳು ದೊರೆತವು. ನಾವು ಅಲ್ಲಿಗೆ ಹೋಗುವ ಕೆಲವೇ ದಿನ ಮೊದಲು, 2024ರ ಆಗಸ್ಟ್ 16ರಂದು, ಅಧ್ಯಕ್ಷ ಬೈಡನ್ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದರು. ಆಸ್ಪತ್ರೆಯೊಂದರ ಹತ್ತಿರ, ರೈಲು ಹಳಿಯ ಪಕ್ಕದಲ್ಲಿದೆ. ಮೆಟ್ಟಿಲಿಲ್ಲ, ಗೋಪುರವಿಲ್ಲ. ಕಾರು ನಿಲ್ಲಿಸಿ ನಾವು ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದೆವು.

ಆ ಇಬ್ಬರು ಹುಡುಗಿಯರ ಮೇಷ್ಟರು ಯಾರೋ, ಅವರನ್ನು ಹೊರಗೆ ನಿಲ್ಲಿಸಲಿಲ್ಲವಲ್ಲ ಎಂಬ ಯೋಚನೆ ಬ್ಲೂಮಿಂಗ್ಟನ್ ತಲುಪುವವರೆಗೂ ನನ್ನನ್ನು ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಶಾಲೆಯ ಈಗಿನ ಮುಖ್ಯೋಪಾಧ್ಯಾಯರಿಗೆ ದೂರವಾಣಿ ಮಾಡಿದೆ. ಚೌಕಟ್ಟು ಇನ್ನೂ ಅಲ್ಲಿಯೇ ಇದೆಯಂತೆ. "ಇರಲಿ ಬಿಡಿ ಸಾರ್, ಯಾರು ಬರೆದರೇನು, ಮಾತು ಒಳ್ಳೆಯದಲ್ಲವೇ?" ಎಂದರು. ಮಾತು ಒಳ್ಳೆಯದೇ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಕೆಳಗಿರುವ ಹೆಸರಿನ ಮೇಲೆ ಒಂದು ಚೀಟಿ ಅಂಟಿಸಿ, 'ಇದನ್ನು ಲಿಂಕನ್ನರು ಬರೆದರೆಂಬುದಕ್ಕೆ ಆಧಾರವಿಲ್ಲ' ಎಂದು ಬರೆಯಿಸಿ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ. ದಸರಾ ರಜೆ ಮುಗಿದ ಮೇಲೆ ಹೋಗಿ ನೋಡಿಬರುವವನಿದ್ದೇನೆ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ಪತ್ರವನ್ನು ನಾನು ಅಚ್ಚು ಹಾಕಿಸಿದ್ದ ಶಾಲಾ ವಾರ್ಷಿಕ ಸಂಚಿಕೆ ಉಳಿದಿದ್ದರೆ, ದಯವಿಟ್ಟು ಆ ಪುಟದಲ್ಲಿ ಪೆನ್ಸಿಲಿನಿಂದ ಇದೇ ಮಾತನ್ನು ಬರೆದುಕೊಳ್ಳಿ. ಅಂದು ಪ್ರಶ್ನೆ ಕೇಳಿದವನೇ, ನೀನು ಈಗ ಎಲ್ಲಿರುವೆಯೋ ತಿಳಿಯದು. ಆ ಮೇಷ್ಟ್ರಿಗೆ ಹೆಸರಿರಲಿಲ್ಲ, ಮಗು. ಅಂಥವರೊಬ್ಬರು ಇದ್ದರೆಂಬುದಕ್ಕೂ ಆಧಾರವಿಲ್ಲ.