ಬಾಯಿ ತೆರೆಯದವರ ಚರಿತ್ರೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತ ಗಾದೆ. ಗಾದೆ ಕಟ್ಟಿದವರು ಮೂರನೆಯವನನ್ನು ಮರೆತರು. ಅವನಿಗೆ ಕಡಲೆಯೂ ಇಲ್ಲ, ಹಲ್ಲೂ ಇಲ್ಲ. ನಮ್ಮ ಕೇರಿಗಳಲ್ಲಿ ಕೂಲಿ ಮಾಡಿ ಸವೆದವರ ಬಾಯಿ ನೋಡಿದರೆ ಅವನು ಯಾರೆಂದು ಗೊತ್ತಾಗುತ್ತದೆ. ನೋವು ಬಂದರೆ ಲವಂಗ ಕಚ್ಚುತ್ತಾರೆ, ಹೊಗೆಸೊಪ್ಪು ಒತ್ತಿಕೊಳ್ಳುತ್ತಾರೆ, ದವಡೆ ಊದಿದರೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಡಾಕ್ಟರ ಹತ್ತಿರ ಮಾತ್ರ ಹೋಗುವುದಿಲ್ಲ. ಓದಿದವರು ಇದಕ್ಕೆ ಕೊಡುವ ಕಾರಣ ಒಂದೇ: 'ಈ ಜನಕ್ಕೆ ತಿಳುವಳಿಕೆ ಇಲ್ಲ.'

ಈ ಮಾತು ನಿಜವೇ? ನಮ್ಮನ್ನು ಆಳಿದ ಇಂಗ್ಲೆಂಡಿನ ಚರಿತ್ರೆಯನ್ನೇ ಕೇಳೋಣ. ಯಾಕೆಂದರೆ ಅಲ್ಲಿ ಈ ಪ್ರಶ್ನೆಗೆ ಒಮ್ಮೆ ಬಹಿರಂಗವಾಗಿಯೇ ಉತ್ತರ ಸಿಕ್ಕಿತು.

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನಿದ್ದ. 1771ರಲ್ಲಿ ಹಲ್ಲಿನ ಮೇಲೆ ಗ್ರಂಥ ಬರೆದವನು. ಒಬ್ಬರ ಬಾಯಿಂದ ಕಿತ್ತ ಹಲ್ಲನ್ನು ಹಸಿಯಿರುವಾಗಲೇ ಇನ್ನೊಬ್ಬರ ಬಾಯಲ್ಲಿ ನೆಡುವ ವಿದ್ಯೆಗೆ ಇವನ ಬೆಂಬಲವಿತ್ತು. ಕೀಳುತ್ತಿದ್ದದ್ದು ಯಾರಿಂದ? ಕಾಸಿಗೆ ಕೈಯೊಡ್ಡಿದ ಬಡವರ ಮಕ್ಕಳಿಂದ. ನೆಡುತ್ತಿದ್ದದ್ದು ಯಾರಿಗೆ? ಹಣವಂತರಿಗೆ. 1787ರಲ್ಲಿ ಥಾಮಸ್ ರೋಲೆಂಡ್‌ಸನ್ ಎಂಬ ಚಿತ್ರಕಾರ ಇದನ್ನು ವ್ಯಂಗ್ಯಚಿತ್ರವಾಗಿ ಬರೆದ. ಹೊಗೆಗೂಡು ಗುಡಿಸುವ ಹುಡುಗನ ಹಲ್ಲು ಕೀಳುತ್ತಿರುವುದನ್ನು ಅದರಲ್ಲಿ ನೋಡಬಹುದು.

ಆಮೇಲೆ ಸಕ್ಕರೆ ಬಂತು. ವೆಸ್ಟ್ ಇಂಡೀಸಿನಲ್ಲಿ ಗುಲಾಮರು ರಕ್ತ ಬಸಿದು ಬೆಳೆದ ಸಕ್ಕರೆ ಮೊದಲು ದೊರೆಗಳ ಹಲ್ಲು ತಿಂದಿತು. 1874ರಲ್ಲಿ ಸುಂಕ ಹೋಗಿ ಅಗ್ಗವಾದ ಮೇಲೆ ಗಿರಣಿ ಕೂಲಿಗಳದ್ದನ್ನೂ ತಿಂದಿತು. ಬ್ರೆಡ್ಡು, ಜಾಮು, ಸಕ್ಕರೆ ಹಾಕಿದ ಚಹಾ, ಇದೇ ಅವರ ಊಟ. ಹುಳುಕು ತುಂಬಿಸಲು ದುಡ್ಡು ಬೇಕು, ಕೀಳಿಸುವುದು ಅಗ್ಗ. ಉತ್ತರ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಮದುವೆಗೆ ಮುಂಚೆ ಹುಡುಗಿಯ ಅಷ್ಟೂ ಹಲ್ಲು ಕೀಳಿಸಿ ಕಟ್ಟುಹಲ್ಲು ಹಾಕಿಸುವುದು ಒಂದು ಉಡುಗೊರೆಯೇ ಆಗಿತ್ತು. ಮುಂದೆ ಗಂಡನಿಗೆ ಖರ್ಚು ಬರಬಾರದಲ್ಲ! ಇದನ್ನು ಮೌಢ್ಯ ಅನ್ನಬೇಡಿ. ಇದು ಬಡವರ ಲೆಕ್ಕಾಚಾರ.

1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಹಲ್ಲಿನ ಚಿಕಿತ್ಸೆಯೂ ಪುಕ್ಕಟೆ. ಜನ ಪ್ರವಾಹದ ಹಾಗೆ ಬಂದರು. ಸರ್ಕಾರ ಹಾಕಿಕೊಂಡಿದ್ದ ಅಂದಾಜೆಲ್ಲ ಕೊಚ್ಚಿಹೋಯಿತು. ಅಲ್ಲಿವರೆಗೆ ಡಾಕ್ಟರನ್ನು ಕಂಡರೆ ದೂರ ಹೋಗುತ್ತಿದ್ದ ಈ ಜನ ಎಲ್ಲಿಂದ ಬಂದರು? ರಾತ್ರೋರಾತ್ರಿ ತಿಳುವಳಿಕೆ ಬಂದುಬಿಟ್ಟಿತೇ? ಇಲ್ಲ. ಬಾಗಿಲು ತೆರೆಯಿತು, ಅಷ್ಟೆ.

ಆ ಬಾಗಿಲು ಬಹಳ ದಿನ ಪೂರ್ತಿ ತೆರೆದಿರಲಿಲ್ಲ. 1951ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಮದ್ದುಗುಂಡಿಗೆ ಹಣ ಬೇಕಾಯಿತು. ಕಟ್ಟುಹಲ್ಲಿನ ಅರ್ಧ ಬೆಲೆಯನ್ನು ಜನರ ಮೇಲೆ ಹೇರಿದರು. ಹುಡುಗನಾಗಿ ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಇದನ್ನು ಪ್ರತಿಭಟಿಸಿ ಮಂತ್ರಿಪದವಿ ಬಿಸಾಕಿದ. ಮರುವರ್ಷ ಚಿಕಿತ್ಸೆಗೂ ಒಂದು ಪೌಂಡು ಶುಲ್ಕ ಬಂತು. 1968ರಲ್ಲಿ ಎಣಿಸಿದಾಗ ಇಂಗ್ಲೆಂಡು, ವೇಲ್ಸ್‌ನ ವಯಸ್ಕರಲ್ಲಿ ನೂರಕ್ಕೆ 37 ಜನರ ಬಾಯಲ್ಲಿ ಸ್ವಂತದ್ದೆಂಬ ಒಂದು ಹಲ್ಲೂ ಇರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಅದೇ 1948ರಲ್ಲಿ ನಮ್ಮಲ್ಲೂ ದಂತವೈದ್ಯರ ಕಾಯಿದೆ ಬಂತು. ಹಲ್ಲು ಮುಟ್ಟುವ ಅಧಿಕಾರ ಯಾರಿಗೆ ಅಂತ ಹೇಳಿತು. ಬಡವನ ಹಲ್ಲು ಉಳಿಸುವ ಹೊಣೆ ಯಾರದು ಅಂತ ಹೇಳಲಿಲ್ಲ. 1920ರಲ್ಲಿ ಡಾ. ರಫಿಉದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದಿದ್ದರು. 1958ರಲ್ಲಿ ಬೆಂಗಳೂರಿಗೆ ಸರ್ಕಾರಿ ಕಾಲೇಜು ಬಂತು. ಇವತ್ತು ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಕಾಲೇಜುಗಳಿವೆ, ಬಹುಪಾಲು ಖಾಸಗಿ. ಲಕ್ಷಗಟ್ಟಲೆ ಸುರಿದು ಕಲಿತವನು ಕುರ್ಚಿ ಹಾಕುವುದು ಪೇಟೆಯಲ್ಲೇ ಹೊರತು ಹೋಬಳಿಯಲ್ಲಲ್ಲ. ಅಲ್ಲಿಗೆ ಹೋಗಬೇಕೆಂದರೆ ಕೂಲಿ ಹೋಗುತ್ತೆ, ಬಸ್‌ಚಾರ್ಜು ಹೋಗುತ್ತೆ, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ.

ನಮಗೆ ದುಡ್ಡಿನ ಜೊತೆ ಇನ್ನೊಂದು ಗೋಡೆಯಿದೆ. ಅದು ಎಂಜಲಿನ ಗೋಡೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನ ಉಗುಳು ನೆಲಕ್ಕೆ ಬೀಳದಂತೆ ಅವನ ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಬಾಯನ್ನೇ ಮೈಲಿಗೆ ಅನ್ನಿಸಿಕೊಂಡ ಜನ, ಬಿಳಿ ಕೋಟಿನ ಅಪರಿಚಿತನ ಮುಂದೆ ಬಾಯಿ ತೆರೆಯುವುದಕ್ಕೆ ಹಿಂಜರಿದರೆ ಅದು ಅಜ್ಞಾನವಲ್ಲ. ಅದು ನೆನಪು.

2024ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಸರ್ಕಾರಿ ದರದ ಹಲ್ಲಿನ ಆಸ್ಪತ್ರೆಯೊಂದು ಬಾಗಿಲು ತೆರೆದಾಗ ನೂರಾರು ಜನ ಬೀದಿಯುದ್ದಕ್ಕೂ ಸಾಲು ನಿಂತರು. ಸಾಲು ನಿಭಾಯಿಸಲು ಪೊಲೀಸರು ಬರಬೇಕಾಯಿತು. 1948ರ ಉತ್ತರ ಇನ್ನೂ ಬದಲಾಗಿಲ್ಲ.

ಮೇಷ್ಟ್ರುಗಳೇ, ಗೆಳೆಯರೇ, ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸೋಣ, ಹೊಗೆಸೊಪ್ಪು ಬಿಡಿಸೋಣ. ಅದು ನಮ್ಮ ಕೆಲಸವೇ. ಆದರೆ 'ನೀವ್ಯಾಕೆ ಹೋಗಲಿಲ್ಲ' ಅಂತ ಕೇರಿಯ ಮುದುಕಿಯನ್ನು ಕೇಳುವ ಮೊದಲು, ನಮ್ಮ ಹೋಬಳಿಯ ಆಸ್ಪತ್ರೆಗೆ ಹಲ್ಲಿನ ಡಾಕ್ಟರು ಯಾಕೆ ಬರಲಿಲ್ಲ ಅಂತ ಕೇಳೋಣ. ಬಾಯಿ ತೆರೆಯಬೇಕಾದದ್ದು ಅಲ್ಲಿ.